ಗನ್ ಎಷ್ಟಾಯ್ತು ಅನ್ನಬೇಡಿ, ಗಾಳಿ ಎಷ್ಟಿತ್ತು ಅಂತ ಕೇಳಿ

ಊರಿಗೆ ಬಂದಾಗಿನಿಂದ ಒಂದೇ ಪ್ರಶ್ನೆ ಕೇಳಿ ಕೇಳಿ ತಲೆ ಕೆಟ್ಟಿದೆ. ನಿನ್ನೆ ದಾವಣಗೆರೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ದೂರದ ಗುರಿಗೆ ರೈಫಲ್ ಹೊಡೆಯುವ ನನ್ನ ಪಂದ್ಯದ ವಿಡಿಯೊ ಇದ್ದ ಫೋನು ಕೈಯಿಂದ ಕೈಗೆ ಓಡಾಡ್ತಿತ್ತು. ಹೋಳಿಗೆ ಬಡಿಸೋ ಹುಡುಗನೂ ನಿಂತು ನೋಡಿದ. ಎಲ್ಲರ ಬಾಯಲ್ಲೂ ಅದೇ: "ಗನ್ನಿಗೆ ಎಷ್ಟು ಬಿತ್ತು?" ಅದರ ಹಿಂದೆಯೇ ಇನ್ನೊಂದು: "ಅಷ್ಟು ದೊಡ್ಡ ದುರ್ಬೀನು ಐತೆ, ಮಲಗಿಕೊಂಡು ಹೊಡೆಯೋದು, ಅದರಲ್ಲೇನು ಕಷ್ಟ ಬಿಡು."

ಅಲ್ಲಿ ಮದುವೆಮನೆ ಅಂತ ಸುಮ್ಮನಿದ್ದೆ. ಇಲ್ಲಿ ಹೇಳ್ತೀನಿ.

ಎನ್‌ಸಿಸಿಯಲ್ಲಿ ಪಾಯಿಂಟ್ ಟೂಟೂ (.22) ರೈಫಲ್ ಹಿಡಿದಾಗಿನಿಂದ ನನಗೆ ಈ ಹುಚ್ಚು ಇರೋದು ನಿಮಗೆಲ್ಲ ಗೊತ್ತು. ಅಮೆರಿಕಕ್ಕೆ ಹೋದ ಮೇಲೆ ಅದು ದೂರದ ಗುರಿಗಳ ಕಡೆ ತಿರುಗಿತು. ಈ ಸಲದ ಪಂದ್ಯ ನಡೆದದ್ದು ನ್ಯೂ ಮೆಕ್ಸಿಕೋದ ರಟೋನ್ ಸೀಮೆಯಲ್ಲಿ. ಕೊಲರಾಡೊ ಗಡಿಗೆ ಅಂಟಿಕೊಂಡ ಗುಡ್ಡಗಾಡು ಅದು, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರ. ರೈಫಲ್, ಚೀಲ, ನೀರು ಎಲ್ಲ ಹೊತ್ತುಕೊಂಡು ಒಂದು ಜಾಗದಿಂದ ಇನ್ನೊಂದಕ್ಕೆ ಹತ್ತಬೇಕು, ಇಳಿಯಬೇಕು. ಎದುರು ಇಳಿಜಾರಿನ ಪೊದೆಗಳ ನಡುವೆ ಎಲ್ಲೋ ಇಟ್ಟಿರುವ ಉಕ್ಕಿನ ತಟ್ಟೆಗಳನ್ನು ನಾವೇ ಹುಡುಕಬೇಕು, ದೂರ ಅಳೆಯಬೇಕು, ಕೊಟ್ಟ ನಿಮಿಷಗಳೊಳಗೆ ಹೊಡೆದು ಮುಗಿಸಬೇಕು.

ಸರಿ, ಈಗ ಆ ಗನ್ನಿನ ವಿಷಯಕ್ಕೇ ಬರೋಣ. ನೂರು ಮೀಟರಿಗೆ ಮೂರು ಸೆಂಟಿಮೀಟರಿನ ವೃತ್ತದೊಳಗೆ ಗುಂಡು ಕೂರಿಸುವ ರೈಫಲ್ ಇವತ್ತು ಅಪರೂಪದ ವಸ್ತುವೇನಲ್ಲ. ಅದೇ ಲೆಕ್ಕದಲ್ಲಿ 800 ಮೀಟರಿಗೆ ಹೆಚ್ಚುಕಡಿಮೆ 24 ಸೆಂಟಿಮೀಟರ್. ತಟ್ಟೆ ಒಂದಡಿ ಅಗಲ ಇದ್ದರೆ ಅಷ್ಟು ಸಾಕು. ರೈಫಲ್ಲಿನ ಕೆಲಸ ಅಲ್ಲಿಗೆ ಮುಗೀತು. ಗುರುತ್ವದ ಕಾಟವೂ ದೊಡ್ಡದಲ್ಲ. ನಾನು ಹೊಡೆಯುವ 6.5 ಕ್ರೀಡ್‌ಮೋರ್ ಅನ್ನೋ ಜಾತಿಯ ಗುಂಡು ಆ ದೂರಕ್ಕೆ ನಾಲ್ಕೂವರೆ ಐದು ಮೀಟರ್ ಕೆಳಗೆ ಇಳಿದಿರುತ್ತೆ, ಆದರೆ ಇವತ್ತೂ ಅಷ್ಟೇ, ನಾಳೆಯೂ ಹೆಚ್ಚುಕಡಿಮೆ ಅಷ್ಟೇ. ಸ್ಕೋಪಿನ, ಅಂದರೆ ಆ ದುರ್ಬೀನಿನ, ತಿರುಗಣೆಯನ್ನು ಅಷ್ಟು ತಿರುಗಿಸಿದರೆ ಆಯ್ತು.

ಗಾಳಿ ಹಾಗಲ್ಲ ಸ್ವಾಮಿ. ಅಡ್ಡಗಾಳಿಯನ್ನು ಗಂಟೆಗೆ ಬರೀ 5 ಕಿಲೋಮೀಟರ್ ತಪ್ಪಾಗಿ ಅಂದಾಜು ಮಾಡಿ, ಅದೇ 800 ಮೀಟರಲ್ಲಿ ಗುಂಡು ಒಂದಡಿಯಷ್ಟು ಪಕ್ಕಕ್ಕೆ ಹೋಗಿರುತ್ತೆ. ಗಂಟೆಗೆ 5 ಕಿಲೋಮೀಟರ್ ಅಂದರೆ ಮುಖಕ್ಕೆ ತಾಗಿತೋ ಇಲ್ಲವೋ ಅನ್ನುವಷ್ಟು. ಅದನ್ನು ಯಾವ ದುರ್ಬೀನೂ ಸರಿಮಾಡಲ್ಲ.

ಒಂದು ಜಾಗ ಹೇಳ್ತೀನಿ. ಕಣಿವೆಯ ಈಚೆ ಬಂಡೆಯ ಮೇಲೆ ಮಲಗಿದ್ದೆ, ತಟ್ಟೆ ಆಚೆ ಇಳಿಜಾರಿನಲ್ಲಿ. ನನ್ನ ಮೊಣಕೈ ಹತ್ತಿರದ ಹುಲ್ಲು ಎಡಕ್ಕೆ ಬಾಗಿತ್ತು. ಕೆಳಗೆ ಕಣಿವೆಯ ಜೂನಿಪರ್ ಗಿಡಗಳು ಅಲುಗಾಡ್ತಾನೇ ಇರಲಿಲ್ಲ. ತಟ್ಟೆಯ ಸುತ್ತ ಬಿಸಿಲುಗುದುರೆ, ಅಂದರೆ ಕಾದ ನೆಲದ ಮೇಲೆ ನಡುಗುವ ಗಾಳಿ, ನಿಧಾನಕ್ಕೆ ಬಲಕ್ಕೆ ಹರೀತಿತ್ತು. ಮೂರು ಕಡೆ ಮೂರು ಮಾತು. ಇದರ ಮೇಲೆ, ಗುಂಡು ಆ ಕಣಿವೆಯನ್ನು ದಾಟುವುದು ಗಿಡಗಳ ತಲೆಯಿಂದ ಎಷ್ಟೋ ಎತ್ತರದಲ್ಲಿ. ಅಲ್ಲಿ ಹುಲ್ಲೂ ಇಲ್ಲ, ಎಲೆಯೂ ಇಲ್ಲ, ಗಾಳಿಯ ಗುರುತು ಹೇಳುವಂಥದ್ದು ಏನೂ ಇಲ್ಲ. ಯಾವುದನ್ನು ನಂಬಬೇಕು? ನಮ್ಮ ಹತ್ತಿರದ ಗಾಳಿ ಗುಂಡನ್ನು ಶುರುವಿನಲ್ಲೇ ಓರೆ ಮಾಡಿಬಿಟ್ಟರೆ ಆ ಓರೆ ಕೊನೆಯವರೆಗೂ ಬೆಳೀತಾ ಹೋಗುತ್ತೆ, ಹಾಗಾಗಿ ಹುಲ್ಲಿಗೆ ತೂಕ ಜಾಸ್ತಿ ಕೊಡಬೇಕು. ಆದರೆ ಕಣಿವೆಯ ಬಾಯಲ್ಲಿ ಗಾಳಿ ಜೋರು. ಗಡಿಯಾರ ಓಡ್ತಾ ಇದೆ. ಎಡಕ್ಕೆ ಬೀಸುವ ಗಾಳಿಯೇ ಗೆಲ್ಲುತ್ತೆ ಅಂತ ನಿರ್ಧಾರ ಮಾಡಿ, ಅದೇ ಗಾಳಿ ತಿರುಗಿ ಬರುವವರೆಗೆ ಕಾದು, ತಟ್ಟೆಯ ಬಲ ಅಂಚಿನಿಂದ ಸ್ವಲ್ಪ ಹೊರಗೆ ಗುರಿ ಹಿಡಿದು ಒತ್ತಿದೆ. ಗುಂಡು ಹೋಗೋಕೆ ಒಂದೂಕಾಲು ಸೆಕೆಂಡು, ಸದ್ದು ತಿರುಗಿ ಬರೋಕೆ ಇನ್ನೂ ಎರಡು ಸೆಕೆಂಡು ಚಿಲ್ಲರೆ. ಅಷ್ಟು ಹೊತ್ತು ಉಸಿರಾಡಲಿಲ್ಲ. ಆಮೇಲೆ "ಟಣ್" ಅಂತು.

ಎದ್ದು ಬಂದಾಗ ನಮ್ಮ ಗುಂಪಿನಲ್ಲಿದ್ದ ಒಬ್ಬ ವಯಸ್ಸಾದ ದನಗಾಹಿ ನನ್ನ ರೈಫಲ್ ಕಡೆ ತಿರುಗಿಯೂ ನೋಡಲಿಲ್ಲ. "ಗಾಳಿಗೆ ಎಷ್ಟು ಕೊಟ್ಟೆ?" ಅಂತ ಕೇಳಿದರು. ಹೇಳಿದೆ. ಒಂದು ನಿಮಿಷ ಎದುರು ಗುಡ್ಡ ನೋಡಿ, "ನಾನೂ ಅಷ್ಟೇ ಕೊಡ್ತಿದ್ದೆ" ಅಂದರು. ಪಟ್ಟಿಯ ನಡುವೆ ಎಲ್ಲೋ ಬಂದವನಿಗೆ ಅದಕ್ಕಿಂತ ದೊಡ್ಡ ಪದಕ ಬೇಕಾಗಿರಲಿಲ್ಲ. ಪಂದ್ಯ ಮುಗಿಯುವವರೆಗೂ ಅಲ್ಲಿ ಯಾರೊಬ್ಬರೂ ರೇಟು ಕೇಳಲಿಲ್ಲ.

ಮದುವೆಮನೆಯಲ್ಲಿ ಇಂಜಿನಿಯರ್ ಭಾವನೊಬ್ಬ ಇನ್ನೊಂದು ವಾದ ತೆಗೆದ. ಈಗ ಎಲ್ಲ ಆ್ಯಪೇ ಲೆಕ್ಕ ಹಾಕುತ್ತೆ, ನೀವು ಟ್ರಿಗರ್ ಎಳೆಯೋದಷ್ಟೇ ಅಂತ. ಒಪ್ತೀನಿ, ಲೆಕ್ಕ ಹಾಕುತ್ತೆ. ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಿಮೆ, ಗುಂಡಿಗೆ ತಡೆ ಕಡಿಮೆ, ಅದೆಲ್ಲ ಅದಕ್ಕೆ ಗೊತ್ತು. 30 ಡಿಗ್ರಿ ಇಳಿಜಾರಿನಲ್ಲಿ 800 ಮೀಟರ್ ಇರುವ ಗುರಿಗೆ ಸುಮಾರು 690 ಮೀಟರ್ ದೂರಕ್ಕೆ ಗುಂಡು ಎಷ್ಟು ಇಳಿಯುತ್ತೋ ಅಷ್ಟೇ ಲೆಕ್ಕ ಹಿಡಿದರೆ ಸಾಕು ಅನ್ನೋದೂ ಗೊತ್ತು. ಆದರೆ ಭಾವ, ಆ ಆ್ಯಪಿನಲ್ಲಿ ಗಾಳಿ ಅಂತ ಒಂದು ಖಾಲಿ ಜಾಗ ಇರುತ್ತಲ್ಲ, ಅದನ್ನು ತುಂಬೋರು ಯಾರು? ಕೈಯಲ್ಲಿ ಹಿಡಿಯುವ ಕೆಸ್ಟ್ರೆಲ್ ಮಾಪಕ ನಾನು ನಿಂತ ಜಾಗದ ಗಾಳಿ ಹೇಳುತ್ತೆ. ಕಣಿವೆ ನಡುವಿನದನ್ನು ಹೇಳಲ್ಲ. ಆ ಒಂದು ಅಂಕಿ ತಪ್ಪಾದರೆ ಮಿಕ್ಕ ಲೆಕ್ಕವೆಲ್ಲ ಸರಿಯಿದ್ದೂ ಗುಂಡು ಮಣ್ಣಿಗೆ.

ಇನ್ನೊಬ್ಬರು ಬಿಂದ್ರಾ ಹೆಸರು ತಂದರು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ದಿನ ನಾನೂ ಕುಣಿದವನೇ. ಆದರೆ ಅದು 10 ಮೀಟರ್, ಒಳಾಂಗಣ. ಮೈಮನಸ್ಸನ್ನು ಕಲ್ಲು ಮಾಡಿಕೊಳ್ಳುವ ಆಟ, ನನ್ನ ಕೈಲಾಗದ್ದು. 2024ರಲ್ಲಿ 50 ಮೀಟರ್ ಮೂರು ಭಂಗಿಗಳಲ್ಲಿ ಕಂಚು ತಂದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆಯ ಆಟದಲ್ಲಿ ಗಾಳಿಗೂ ಪಾಲಿದೆ, ಅಲ್ಲಿ ಗಾಳಿಯ ದಿಕ್ಕು ತೋರಿಸಲು ಸಣ್ಣ ಬಾವುಟ ಇಡ್ತಾರೆ. ನಮ್ಮ ಗುಡ್ಡದಲ್ಲಿ ಬಾವುಟ ಇರಲ್ಲ.

ನನಗೆ ಇಷ್ಟು ಸಿಟ್ಟು ಬರೋದಕ್ಕೆ ಕಾರಣ ಇದೆ. ಇದನ್ನು ಕೇಳಿದವರು ಚಿತ್ರದುರ್ಗದವರು. ಗಾಳಿಯಲ್ಲೇ ಹುಟ್ಟಿ ಗಾಳಿಯಲ್ಲೇ ಬೆಳೆದವರು. ಆಷಾಢದಲ್ಲಿ ನಮ್ಮೂರಲ್ಲಿ ಕೊಡೆ ಬಿಚ್ಚೋಕಾಗಲ್ಲ. ಜೋಗಿಮಟ್ಟಿ ಬೆಟ್ಟಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರೋದು ಸುಮ್ಮನೆ ಅಲ್ಲ. ಅವುಗಳ ಮುಖ ಯಾವ ಕಡೆ ತಿರುಗಿದೆ ನೋಡಿದರೆ ನೆತ್ತಿಯ ಗಾಳಿ ಎಲ್ಲಿಂದ ಬರ್ತಿದೆ ಗೊತ್ತಾಗುತ್ತೆ, ಅದೇ ಹೊತ್ತಿಗೆ ಕೆಳಗೆ ಚಂದ್ರವಳ್ಳಿಯಲ್ಲಿ ಎಲೆ ಇನ್ನೊಂದು ಕಡೆ ಅಲುಗಾಡ್ತಿರುತ್ತೆ. ಇದನ್ನು ಬಾಲ್ಯದಿಂದ ನೋಡಿದವರು ಗನ್ನಿನ ರೇಟಿಗೆ ಜೋತುಬಿದ್ದರೆ ಹೊಟ್ಟೆ ಉರಿಯುತ್ತೆ.

ಅಪ್ಪ ಕಣದಲ್ಲಿ ರಾಗಿ ತೂರುತ್ತಿದ್ದದ್ದು ನೆನಪಾಗುತ್ತೆ. ಒಂದು ಹಿಡಿ ಹೊಟ್ಟು ಎತ್ತಿ ಬಿಟ್ಟು ನೋಡೋರು. ಗಾಳಿ ಬಿದ್ದರೆ ಮೊರ ಹಿಡಿದ ಕೈ ಹಾಗೇ ನಿಲ್ಲೋದು. ಅದೇ ಗಾಳಿ ಮತ್ತೆ ಬಂದಾಗಲೇ ಸುರಿಯೋದು. ಆ ಬಂಡೆಯ ಮೇಲೆ ನಾನು ಮಾಡಿದ್ದೂ ಅದನ್ನೇ, ಒಪ್ಪುವ ಗಾಳಿ ತಿರುಗಿ ಬರಲಿ ಅಂತ ಬೆರಳು ತಡೆದು ಕಾದದ್ದು. ಅಪ್ಪ ಬಂದೂಕು ಮುಟ್ಟಿದವರಲ್ಲ. ಇವತ್ತು ಇದ್ದಿದ್ದರೆ ಅವರೊಬ್ಬರು ಮಾತ್ರ ಬೆಲೆ ಕೇಳ್ತಿರಲಿಲ್ಲ ಅಂತ ನಿನ್ನೆ ಊಟದ ಎಲೆ ಮುಂದೆ ಅನ್ನಿಸಿತು, ಗಂಟಲು ಕಟ್ಟಿತು. ನಾನು ಸುಮ್ಮನಿದ್ದದ್ದಕ್ಕೆ ಅದೂ ಒಂದು ಕಾರಣ.

ರೈಫಲ್ ಅಲ್ಲೇ ಇದೆ, ತಂದಿಲ್ಲ. ದೂರದ ಗುರಿ ನೋಡುವ ದುರ್ಬೀನು, ಸ್ಪಾಟಿಂಗ್ ಸ್ಕೋಪ್, ತಂದಿದ್ದೀನಿ. ಭಾನುವಾರ ಹತ್ತು ಗಂಟೆಗೆ ಚಂದ್ರವಳ್ಳಿ ಕೆರೆ ಹತ್ತಿರ ಇರ್ತೀನಿ. ಬಿಸಿಲು ಏರಿರಬೇಕು, ಅದಕ್ಕೇ ಹತ್ತು. ಗಾಳಿ ನಿಂತಾಗ ಬಿಸಿಲುಗುದುರೆ ನೆಟ್ಟಗೆ ಮೇಲೇಳೋದು, ಬೀಸಿದಾಗ ಓರೆಯಾಗೋದು, ಜೋರಾದಾಗ ಚಪ್ಪಟೆಯಾಗಿ ಹರಿಯೋದು, ಮೂರನ್ನೂ ತೋರಿಸ್ತೀನಿ. ಮಕ್ಕಳನ್ನು ಕರ್ಕೊಂಡು ಬನ್ನಿ. ಭಾವ, ನೀವೂ ಬರಬೇಕು, ಆ ಆ್ಯಪ್ ಹಾಕ್ಕೊಂಡೇ ಬನ್ನಿ.