ಸ್ಟಾರ್ ಬಂದು ಹೋದ ಮೇಲೆ ಅಭ್ಯರ್ಥಿಯನ್ನು ಕೇಳೋದು ಯಾವಾಗ?

ಚುನಾವಣೆ ಬಂತು ಅಂದ್ರೆ ನಮ್ಮ ಕರಾವಳಿಯಲ್ಲೂ ಈಗ ಮೊದಲ ಪ್ರಶ್ನೆ, ‘ಯಾವ ಸ್ಟಾರ್ ಬರ್ತಾರಂತೆ?’ ಅಭ್ಯರ್ಥಿಯ ಮಾತು ಆಮೇಲೆ.

ಕುಮಟಾದಲ್ಲಿ ಹಿಂದೊಮ್ಮೆ ಇಂಥದೇ ರೋಡ್ ಶೋ ನೋಡಿದೆ. ಜೆಸಿಬಿ ಮೇಲೆ ನಿಂತು ಹೂವು ಸುರಿಯುತ್ತಿದ್ದರು. ‘ಡೈಲಾಗ್, ಡೈಲಾಗ್’ ಅಂತ ಹುಡುಗರ ಕೂಗು. ನಟರು ಎರಡು ಡೈಲಾಗ್ ಹೊಡೆದರು, ಇವರಿಗೇ ಮತ ಹಾಕಿ ಎಂದರು, ಹೊರಟರು. ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಅಭ್ಯರ್ಥಿ ಬಾಯಿ ಬಿಡಲೇ ಇಲ್ಲ. ಮೀನಿನ ಬುಟ್ಟಿ ಇಳಿಸಿ ಕಾದಿದ್ದ ಅಕ್ಕ ಒಬ್ಬರು, ‘ಆಸ್ಪತ್ರೆ ವಿಷಯ ಕೇಳ್ಬೇಕಿತ್ತಲ್ಲ ತಮ್ಮಾ’ ಅಂದರು. ಅಷ್ಟರಲ್ಲಿ ಗಾಡಿ ಹೊನ್ನಾವರದ ದಾರಿ ಹಿಡಿದಿತ್ತು.

ಆ ಅಕ್ಕ ಕೇಳಬೇಕಿದ್ದದ್ದು ಸಣ್ಣ ವಿಷಯವಾ? ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ತಲೆಗೆ ಪೆಟ್ಟಾದರೆ ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಮಣಿಪಾಲಕ್ಕೆ ಓಡಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ಸತ್ತರು. ಆಸ್ಪತ್ರೆ ಕೊಡದಿದ್ದರೆ ಮತ ಇಲ್ಲ ಅಂತ ಆಗ ಇಡೀ ಜಿಲ್ಲೆ ಕೂಗೆಬ್ಬಿಸಿತ್ತು. ಮರುವರ್ಷವೇ ವಿಧಾನಸಭೆ ಚುನಾವಣೆ. ಆ ಸಿಟ್ಟನ್ನು ಅಭ್ಯರ್ಥಿಗಳ ಮುಂದಿಡೋಕೆ ನಮಗೆ ಸಿಗೋದೇ ಪ್ರಚಾರದ ಆ ಕೆಲವು ದಿನ. ಅದನ್ನೂ ಸೆಲ್ಫಿಗೆ ಕೊಟ್ಟುಬಿಟ್ಟರೆ ಹೇಗೆ?

ಸಿನಿಮಾದವರು ರಾಜಕೀಯಕ್ಕೆ ಬರಬಾರದು ಅಂತ ನಾನು ಹೇಳೋದಿಲ್ಲ. ಎನ್‌ಟಿಆರ್ 1982ರಲ್ಲಿ ಪಕ್ಷ ಕಟ್ಟಿ ಮರುವರ್ಷ ಮುಖ್ಯಮಂತ್ರಿಯಾದರು. ಪಕ್ಷ, ಸರ್ಕಾರ ಎರಡರ ಹೊಣೆಯನ್ನೂ ಹೊತ್ತರು. ಗೆದ್ದ ಮೇಲೂ ಜನರ ಕೈಗೆ ಸಿಗೋರ ಮಾತು ಬೇರೆ. ಪ್ರಚಾರಕ್ಕಷ್ಟೇ ಬಂದು ಹೋಗೋರನ್ನು ನಾಳೆ ಎಲ್ಲಿ ಅಂತ ಹುಡುಕೋದು? 2019ರಲ್ಲಿ ಮಂಡ್ಯದಲ್ಲಿ ಎದುರಾಳಿಗಳಿಬ್ಬರೂ ಸಿನಿಮಾದವರೇ, ಸುಮಲತಾ ಮತ್ತು ನಿಖಿಲ್. ಪ್ರಚಾರಕ್ಕೆ ದರ್ಶನ್, ಯಶ್. ಟಿವಿಯಲ್ಲಿ ಬರೀ ಅದೇ. ಕಬ್ಬಿನ ರೈತನ ಮಾತು ಎಷ್ಟು ಹೊತ್ತು ಬಂತು ಹೇಳಿ.

ನಮ್ಮ ಜಿಲ್ಲೆಗೂ ಹೆಸರುವಾಸಿ ಅಭ್ಯರ್ಥಿಗಳು ಹೊಸಬರೇನಲ್ಲ. ಗೇಣಿದಾರರ ಪರ ಹೋರಾಡಿ, ಊರೂರಲ್ಲಿ ಶಾಲೆ ತೆರೆದ ದಿನಕರ ದೇಸಾಯಿಯವರನ್ನು 1967ರಲ್ಲಿ ಇದೇ ಜನ ಲೋಕಸಭೆಗೆ ಕಳಿಸಿದ್ದರು. 1989ರಲ್ಲಿ ಶಿವರಾಮ ಕಾರಂತರು ಇಲ್ಲಿಂದ ನಿಂತರು. ಜ್ಞಾನಪೀಠ ಬಂದಾಗಿತ್ತು, ವಯಸ್ಸು 87. ಆ ಹೆಸರನ್ನೆಲ್ಲ ಅವರು ಪಣಕ್ಕಿಟ್ಟಿದ್ದು ಕೈಗಾ ಅಣುಸ್ಥಾವರ ಬೇಡ ಅನ್ನೋದಕ್ಕೆ. ಸೋತರು, ನಿಜ. ಆದರೆ ಅವರು ಯಾಕೆ ನಿಂತಿದ್ದಾರೆ ಅಂತ ವಿರೋಧಿಗಳಿಗೂ ಗೊತ್ತಿತ್ತು.

ಅಭಿಮಾನಿ ಸಂಘದ ಗೆಳೆಯರೇ, ನಿಮ್ಮ ಹೀರೋನ ಕರೆಸಿ, ಖುಷಿಪಡಿ. ಆದರೆ ಅದೇ ವೇದಿಕೆಯಲ್ಲಿ ಅಭ್ಯರ್ಥಿಯನ್ನು ಅರ್ಧ ಗಂಟೆ ನಿಲ್ಲಿಸಿ, ಮೈಕನ್ನು ಜನರ ಕೈಗೆ ಕೊಡಿ. ಮೊದಲು ಆ ಅಕ್ಕನಿಗೇ ಕೊಡಿ.