ಸೈಕಲ್ಲು, ಜಿಮ್ಮು ಮತ್ತು ಮೇಲೇಳದ ಬಲಗಾಲು

ಜಿಮ್ಮಿನ ಬಾಗಿಲ ಮುಂದೆ ನನ್ನ ಸೈಕಲ್ಲು ನಿಂತಿತ್ತು. ಪಕ್ಕದಲ್ಲಿ ನಾನೂ ನಿಂತಿದ್ದೆ. ಹೀಗೆ ನಿಂತು ಆಗಲೇ ಐದು ನಿಮಿಷ ಆಗಿತ್ತು. ವಿಷಯ ಇಷ್ಟೇ. ಸೈಕಲ್ ಹತ್ತಬೇಕಾದರೆ ಬಲಗಾಲು ಎತ್ತಿ ಸೀಟಿನ ಆಚೆ ಹಾಕಬೇಕು. ಬಲಗಾಲು ಒಪ್ಪುತ್ತಿರಲಿಲ್ಲ. ಪ್ಯಾಂಟಿನ ಬಟ್ಟೆ ಹಿಡಿದು ಕೈಯಿಂದಲೇ ಎತ್ತಿ ನೋಡಿದೆ. ಪೆಡಲ್‌ವರೆಗೆ ಬಂತು, ಅಲ್ಲಿಂದ ಮೇಲೆ ಸುತರಾಂ ಇಲ್ಲ.

ಒಳಗಿಂದ ಬಂದ ಹುಡುಗನೊಬ್ಬ, "ಏನು ಅಂಕಲ್, ಸೈಕಲ್ ಕೆಟ್ಟಿದೆಯಾ?" ಅಂದ.

"ಹೂಂ, ಚೈನು ಸ್ವಲ್ಪ..." ಅಂದುಬಿಟ್ಟೆ.

ಪಾಪ, ಅವನು ಕುಕ್ಕರಗಾಲಲ್ಲಿ ಕೂತು ಚೈನು ನೋಡಿದ. ಅವನು ಅಷ್ಟು ಸಲೀಸಾಗಿ ಕೂತಿದ್ದು ನೋಡಿಯೇ ನನಗೆ ಹೊಟ್ಟೆಕಿಚ್ಚಾಯಿತು. ಪೆಡಲ್ ಹಿಂದಕ್ಕೆ ತಿರುಗಿಸಿದ. ಚೈನು ಗರಗರ ಅಂತ ಚೆನ್ನಾಗೇ ಸುತ್ತಿತು. "ಸರಿಯಾಗೇ ಇದೆಯಲ್ಲ ಅಂಕಲ್" ಅಂತ ಕೈ ಒರೆಸಿಕೊಂಡು ಹೊರಟ. ನಾನು ಸೈಕಲ್ ತಳ್ಳಿಕೊಂಡು ಮನೆಗೆ ನಡೆದೆ.

ಇದೆಲ್ಲ ಶುರುವಾಗಿದ್ದು ಶೂ ಲೇಸಿನಿಂದ. ನನಗೀಗ 58. ಲೇಸ್ ಕಟ್ಟಲು ಬಗ್ಗಿದರೆ ಹೊಟ್ಟೆ ಅಡ್ಡ ಬರುತ್ತಿತ್ತು. ಮುಳುಗು ಹಾಕುವವರ ಹಾಗೆ ಉಸಿರು ಎಳೆದುಕೊಂಡು ಬಗ್ಗಿ, ಒಂದು ಗಂಟು ಹಾಕಿ, ಮೇಲೆ ಬಂದು ಉಸಿರಾಡಿ, ಮತ್ತೆ ಬಗ್ಗುತ್ತಿದ್ದೆ. ಹೆಂಡತಿ ಒಂದು ದಿನ ನೋಡುವಷ್ಟು ನೋಡಿ, "ರೀ, ಲೇಸ್ ಇಲ್ಲದ ಶೂ ತಗೊಳ್ಳಿ, ಇಲ್ಲಾ ಹೊಟ್ಟೆ ಇಳಿಸಿ" ಅಂದಳು. ಶೂ ತಗೊಳ್ಳುವುದು ಸುಲಭ ಇತ್ತು. ಆ ಬುದ್ಧಿ ಆಗ ಬರಲಿಲ್ಲ.

ಸೈಕಲ್ ಮಾತ್ರ ಸಾಕು ಅಂದುಕೊಂಡಿದ್ದೆ. ನಮ್ಮ ಭಾರವನ್ನು ಸೀಟೇ ಹೊರುತ್ತದೆ, ಹಾಗಾಗಿ ಓಡಿದಷ್ಟು ಮೊಣಕಾಲಿಗೆ ಪೆಟ್ಟಿಲ್ಲ. ಆದರೆ ಅದೇ ಕಾರಣಕ್ಕೆ ಮೂಳೆಗೂ ಹೆಚ್ಚು ಕೆಲಸ ಇಲ್ಲವಂತೆ. ಕೈಗಳಂತೂ ಹ್ಯಾಂಡಲ್ ಮೇಲೆ ಸುಮ್ನೆ ಕೂತು ಸವಾರಿ ಹೋಗುತ್ತವೆ. ವಯಸ್ಸಾದ ಹಾಗೆ ಸ್ನಾಯು ತಾನಾಗಿ ಕರಗುತ್ತದೆ, ಕೊಬ್ಬು ಮಾತ್ರ ನಿಯತ್ತಾಗಿ ಉಳಿಯುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವ ವ್ಯಾಯಾಮ, ಜೊತೆಗೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ಕೆಲಸ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನನ್ನ ತಲೆಯಲ್ಲಿ ಲೆಕ್ಕ ಓಡಿತು. ಜಿಮ್ಮಿಗೆ ಸೈಕಲ್ಲಲ್ಲೇ ಹೋಗುವುದು, ಸೈಕಲ್ಲಲ್ಲೇ ಬರುವುದು. ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ ಒಂದೇ ದಾರಿಯಲ್ಲಿ!

ಮೊದಲ ವಾರ ಮೊಣಕಾಲು ನೋವು. ಬೀಳುವ ಭಯಕ್ಕೆ, ಎರಡೂ ಕಾಲು ನೆಲಕ್ಕೆ ತಾಗುವಷ್ಟು ಸೀಟು ಇಳಿಸಿದ್ದೆ. ಸೈಕಲ್ ರಿಪೇರಿಯವರು ಬೈದೇಬಿಟ್ಟರು. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಆಮೇಲೆ ಮುಂಗಾಲಿಂದ ತುಳಿದಾಗ ಮೊಣಕಾಲು ಒಂಚೂರು ಬಾಗಿರುತ್ತದೆ. ಅವರು ಸೀಟು ಏರಿಸಿಕೊಟ್ಟರು. ಮೊಣಕಾಲು ನೋವು ಹೋಯಿತು. ನಿಲ್ಲಿಸುವಾಗ ಸೀಟಿನಿಂದ ಮುಂದೆ ಜಾರಿ ಇಳಿಯಬೇಕು ಅನ್ನೋದನ್ನು ಮಾತ್ರ ನಾನು ಕೇಳಿಸಿಕೊಂಡಿರಲಿಲ್ಲ. ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದೆ, ಕಾಲು ಚಾಚಿದೆ, ನೆಲ ಸಿಗಲಿಲ್ಲ. ಗೊನೆ ಭಾರಕ್ಕೆ ಬಾಳೆಗಿಡ ವಾಲುವ ಹಾಗೆ ನಿಧಾನಕ್ಕೆ ಎಡಕ್ಕೆ ಮಲಗಿದೆ. ರಭಸವಾಗಿ ಬಿದ್ದರೆ ಜನ ಅಯ್ಯೋ ಅಂತಾರೆ. ಅಷ್ಟು ನಿಧಾನಕ್ಕೆ ಬಿದ್ದರೆ ಕೊನೇತನಕ ಕುತೂಹಲದಿಂದ ನೋಡುತ್ತಾರೆ.

ಇನ್ನು ಕೂರುವ ಜಾಗದ ಕಥೆ. ನೋವಿಗೆ ಮದ್ದು ಅಂತ ಮೆತ್ತನೆ ಸೀಟು ಕವರ್ ಹಾಕಿಸಿದೆ. ಮೆತ್ತನೆ ಆದಷ್ಟೂ ಕುಂಡೆಯ ಮೂಳೆ ಒಳಗೆ ಹೂತು, ಒತ್ತಬಾರದ ಕಡೆ ಒತ್ತಿತು. ಕೊನೆಗೆ ಹಿಂದೆ ದಪ್ಪ ಮೆತ್ತೆ ಇರುವ ಸೈಕಲ್ ಚಡ್ಡಿ ಬಂತು. ರಸ್ತೆಯಲ್ಲಿ ಸ್ವರ್ಗಸುಖ. ಅದನ್ನೇ ಹಾಕಿಕೊಂಡು ಜಿಮ್ಮಿನೊಳಗೆ ಹೋದೆ ನೋಡಿ, ನಾಲ್ಕೂ ಗೋಡೆಗೆ ಕನ್ನಡಿ. ನನ್ನ ಹಿಂಬದಿಯನ್ನು ನಾನು ಅಷ್ಟು ದಿಕ್ಕಿನಿಂದ ಹಿಂದೆಂದೂ ನೋಡಿರಲಿಲ್ಲ. ಡೈಪರ್ ಹಾಕಿದ ಮಗು ದೊಡ್ಡದಾಗಿ ಡಂಬಲ್ಸ್ ಎತ್ತುತ್ತಿರುವ ಹಾಗಿತ್ತು.

ಟ್ರೈನರ್ ನನ್ನ ಮಗನ ವಯಸ್ಸಿನವರು. ಬೆವರು ಸುರಿಸುತ್ತಾ ಒಳಗೆ ಬಂದವನಿಗೆ ಮೊದಲ ಮಾತೇ, "ಸರ್, ವಾರ್ಮ್ ಅಪ್‌ಗೆ ಹತ್ತು ನಿಮಿಷ ಸೈಕಲ್ ಮಾಡಿ." ಹೊರಗೆ ಆರು ಕಿಲೋಮೀಟರ್ ತುಳಿದೇ ಬಂದಿದ್ದೇನೆ ಅನ್ನಲು ಬಾಯಿ ಬರಲಿಲ್ಲ. ಎಲ್ಲಿಗೂ ಹೋಗದ ಆ ಸೈಕಲ್ ಹತ್ತಿ ಕೂತೆ. ಎದುರಿಗೆ ಟ್ರೆಡ್‌ಮಿಲ್ ಮೇಲೆ ಸಾಲಾಗಿ ಜನ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎರಡು ಚಕ್ರದ ಗಾಡಿ ಓಡಿಸಿದ. ಮರುವರ್ಷ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಜೈಲಿನ ಕೈದಿಗಳಿಗೆ ಅಂತ ಟ್ರೆಡ್‌ಮಿಲ್ ಅನ್ನೋ ತುಳಿಯುವ ಚಕ್ರ ಮಾಡಿದ. ಎಷ್ಟು ಹತ್ತಿದರೂ ಮುಗಿಯದ ಮೆಟ್ಟಿಲು ಅದು. ಆ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಆ ಶಿಕ್ಷೆಯನ್ನು ಕೈಬಿಟ್ಟರು. ಕೈದಿಗಳಿಗೆ ಬಿಟ್ಟಿಯಾಗಿ ಸಿಗುತ್ತಿದ್ದದ್ದಕ್ಕೆ ನಾವು ತಿಂಗಳು ತಿಂಗಳು ಫೀಸು ಕಟ್ಟುತ್ತೇವೆ. ಅಂದಹಾಗೆ ಡ್ರೈಸನ ಗಾಡಿಗೆ ಪೆಡಲ್ ಇರಲಿಲ್ಲ. ಕಾಲಲ್ಲಿ ನೆಲ ಒದ್ದುಕೊಂಡು ಹೋಗಬೇಕಿತ್ತು. ಸೈಕಲ್ ತಳ್ಳಿಕೊಂಡು ಹೋದ ದಿನ ನಾನು ಅವನಿಗಿಂತಲೂ ಹಿಂದಿದ್ದೆ.

ಆ ದಿನ ಆಗಿದ್ದು ಸ್ಕ್ವಾಟ್, ಅಂದರೆ ನಮ್ಮ ಬಸ್ಕಿ. ಟ್ರೈನರ್ ಮೂರು ಸೆಟ್ ಹೇಳಿದ್ದರು. ಪಕ್ಕದಲ್ಲಿ ನನಗಿಂತ ಹಿರಿಯರೊಬ್ಬರು ನಾಲ್ಕು ಹೊಡೆದರು. ನಾನು ಐದು ಹೊಡೆದೆ. ಆ ಸಂಜೆಯದು ಬರೀ ಪೀಠಿಕೆ. ಇಂಥ ನೋವು ಒಂದೆರಡು ದಿನ ಬಿಟ್ಟೇ ಜೋರಾಗುತ್ತದಂತೆ. ಮಾರನೆಯ ದಿನ ಕುರ್ಚಿಯಲ್ಲಿ ಕೂರಲು ಹೋದರೆ ಕೊನೆಯ ಅರ್ಧ ಅಡಿ ನನ್ನ ಕೈಯಲ್ಲಿರಲಿಲ್ಲ, ದೊಪ್ಪನೆ ಬೀಳುತ್ತಿದ್ದೆ. ಮೆಟ್ಟಿಲು ಇಳಿಯುವುದಂತೂ ಹಿಮ್ಮುಖ, ಏಣಿ ಇಳಿದ ಹಾಗೆ. "ಯಾಕ್ರೀ, ನನಗೆ ಮುಖ ತೋರಿಸೋಕೂ ನಾಚಿಕೆನಾ?" ಅಂತ ಕೆಳಗಿಂದ ಹೆಂಡತಿ.

ಹೋಗಲಿ, ತೂಕ ಇಳಿಯಿತಾ? ಮೊದಲ ವಾರ ಒಂದೂವರೆ ಕೆಜಿ ಇಳಿದು ಬೀಗಿದ್ದೆ. ಅದರಲ್ಲಿ ಬಹುಪಾಲು ನೀರು. ಸ್ನಾಯುವಿನಲ್ಲಿ ಕೂಡಿಟ್ಟ ಒಂದು ಗ್ರಾಂ ಸಕ್ಕರೆಯ ಜೊತೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ, ಸಕ್ಕರೆ ಹೋದರೆ ನೀರೂ ಹೋಗುತ್ತದೆ. ಸ್ಕ್ವಾಟ್ ವಾರದಲ್ಲಿ ತೂಕ ಮತ್ತೆ ಒಂದು ಕೆಜಿ ಏರಿತು. ನೊಂದ ಸ್ನಾಯು ನೀರು ಹಿಡಿದುಕೊಂಡಿತ್ತು. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ದಿನಕ್ಕೆ 300 ಸುಟ್ಟರೂ ಒಂದು ಕೆಜಿಗೆ 25 ದಿನ ದಾಟುತ್ತದೆ, ಅದೂ "ಇಷ್ಟು ತುಳಿದಿದ್ದೀನಲ್ಲ" ಅಂತ ಎರಡು ತುತ್ತು ಜಾಸ್ತಿ ತಿನ್ನದಿದ್ದರೆ. ನಾನು ತಿಂದಿದ್ದೆ. ಎರಡೇ ಅಂತ ಹೇಳಲಾರೆ.

ಬೇಜಾರಿನಲ್ಲಿ ಫ್ರಾನ್ಸಿನ ರಾಬೆರ್ ಮಾರ್ಶಾಂ ಅವರ ಬಗ್ಗೆ ಓದಿದೆ. ನೂರನೇ ವಯಸ್ಸಿನಲ್ಲಿ ಒಂದು ಗಂಟೆಗೆ 24 ಕಿಲೋಮೀಟರ್ ಚಿಲ್ಲರೆ ಸೈಕಲ್ ತುಳಿದವರು, ಎರಡು ವರ್ಷ ಬಿಟ್ಟು, 2014ರಲ್ಲಿ, ಸುಮಾರು 27 ಕಿಲೋಮೀಟರ್ ತುಳಿದರು. ಹೆಂಡತಿಗೆ ಓದಿ ಹೇಳಿದೆ. "ಹಾಗಾದ್ರೆ ನಿಮಗಿನ್ನೂ 42 ವರ್ಷ ಟೈಮಿದೆ. ಈಗ ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿಕೊಡಿ" ಅಂದಳು. ಇಳಿಸಿಕೊಟ್ಟೆ. ಒಂದೇ ಕೈಯಲ್ಲಿ. ಅವಳು ಆ ಕಡೆ ತಿರುಗಿದ್ದಳು, ನೋಡಲಿಲ್ಲ.

ಈಗ ಏರ್ಪಾಡು ಬದಲಾಗಿದೆ. ಸೈಕಲ್ಲಲ್ಲಿ ಹೋದ ದಿನ ಬೆನ್ನು, ಎದೆ, ತೋಳು. ಕಾಲಿನ ದಿನ ಸೈಕಲ್ಲು ಮನೆಯಲ್ಲೇ. ನಾಲ್ಕು ತಿಂಗಳಲ್ಲಿ ಮೂರು ಕೆಜಿ ಹೋಗಿದೆ, ಬೆಲ್ಟು ಎರಡು ತೂತು ಒಳಗೆ ಬಂದಿದೆ. ಲೇಸು ಒಂದೇ ಮುಳುಗಿಗೆ ಮುಗಿಯುತ್ತದೆ.

ಮೊನ್ನೆ ಮರೆತು, ಕಾಲಿನ ದಿನ ಸೈಕಲ್ಲಲ್ಲೇ ಹೋಗಿಬಿಟ್ಟಿದ್ದೆ. ಹೊರಗೆ ಬಂದು ಪ್ಯಾಂಟಿನ ಬಟ್ಟೆ ಹಿಡಿದು ಬಲಗಾಲು ಎತ್ತುತ್ತಿದ್ದೆ. ಅದೇ ಹುಡುಗ ಬೈಕ್ ನಿಲ್ಲಿಸಿ ಕೇಳಿದ, "ಅಂಕಲ್, ಇವತ್ತೂ ಚೈನು ಪ್ರಾಬ್ಲಮ್ಮಾ? ತಡೀರಿ, ಸೈಕಲ್ ಒಂಚೂರು ನನ್ನ ಕಡೆ ವಾಲಿಸ್ತೀನಿ, ನಿಧಾನಕ್ಕೆ ಹತ್ತಿ."