ಮನೆಯಲ್ಲಿ ಕೂತವರಿಗೂ ಒಂದು ಎಲೆ ಹಾಕಿ

ಅರ್ಧ ಜನ ಆಫೀಸಿನಲ್ಲಿ, ಅರ್ಧ ಜನ ಪರದೆಯಲ್ಲಿ ಇರುವ ಮೀಟಿಂಗಿಗೆ ಊಟ ತರಿಸುತ್ತೀರಾ? ಹಾಗಾದರೆ ಊಟದ ಹೊತ್ತಿಗೆ ಮೀಟಿಂಗ್ ನಿಲ್ಲಿಸಿ. ಇಲ್ಲಿ ಎಲೆಗೆ ಎಷ್ಟು ಖರ್ಚಾಗುತ್ತದೋ ಅಷ್ಟು ದುಡ್ಡನ್ನು ಮನೆಯಿಂದ ಕೆಲಸ ಮಾಡುವವರ ಖಾತೆಗೂ ಹಾಕಿ. ಇವೆರಡೂ ಆಗಲ್ಲ ಅಂದ್ರೆ ಊಟವೇ ಬೇಡ. ಅವರವರ ಡಬ್ಬಿ ಅವರವರು ತರಲಿ.

ನಮ್ಮದು ಶಿವಮೊಗ್ಗ ವಿನೋಬನಗರದ ಸಣ್ಣ ಕಂಪನಿ. ಊಟ ಹೇಳುವ ಕೆಲಸ ಅದ್ಯಾವಾಗಲೋ ನನ್ನ ತಲೆಗೆ ಬಂತು, ಹಾಗೇ ಉಳಿಯಿತು. 2020ರಲ್ಲಿ ಊರಿಗೆ ಹೋದವರಲ್ಲಿ ಕೆಲವರು ವಾಪಸ್ ಬರಲಿಲ್ಲ. ಒಬ್ಬರು ಹೊಸನಗರದ ಕಡೆ, ಒಬ್ಬರು ತೀರ್ಥಹಳ್ಳಿಯಿಂದಾಚೆ, ಇಬ್ಬರು ಬೆಂಗಳೂರಿನಲ್ಲಿ. ಕೆಲಸಕ್ಕೇನೂ ತೊಂದರೆ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಹೊಸನಗರದವರು ಮಾಯವಾಗುತ್ತಾರೆ, ಬಂದಾಗ ಬರುತ್ತಾರೆ. ಅದು ಎಲ್ಲರಿಗೂ ಅಭ್ಯಾಸ ಆಗಿದೆ.

ಅಭ್ಯಾಸ ಆಗದೇ ಇರುವುದು ಒಂದು ಗಂಟೆಯ ಹೊತ್ತಿನ ಆ ಅರ್ಧ ಗಂಟೆ. ಸಾರಿನ ಡಬ್ಬಿ ಮುಚ್ಚಳ ತೆಗೆದರೆ ಸಾಕು, ಕೋಣೆಯಲ್ಲಿ ಯಾರೂ ಪರದೆ ಕಡೆ ನೋಡುವುದಿಲ್ಲ. ಆದರೂ ಕಾಲ್ ಕಟ್ ಮಾಡುವುದಿಲ್ಲ. "ತಿಂತಾ ತಿಂತಾ ಮಾತಾಡೋಣ, ಟೈಮ್ ಉಳಿಯುತ್ತೆ" ಅನ್ನುವವರು ಪ್ರತಿ ಆಫೀಸಿನಲ್ಲೂ ಒಬ್ಬರು ಇರುತ್ತಾರೆ. ಮೇಜಿನ ನಡುವೆ ಇಡುವ ಮೈಕ್ ಇದೆಯಲ್ಲ, ಅದು ಸುತ್ತಲಿನ ಸದ್ದನ್ನೆಲ್ಲ ಹೀರುತ್ತದೆ. ಅದರ ಪಕ್ಕದಲ್ಲೇ ಹಲಸಿನ ಹಪ್ಪಳದ ಬುಟ್ಟಿ. ಯಾರ ಕಡೆಯಿಂದ ಸದ್ದು ಬರುತ್ತದೋ ಅವರನ್ನೇ ದೊಡ್ಡದಾಗಿ ತೋರಿಸುವ ಬುದ್ಧಿ ಈ ಸಾಫ್ಟ್‌ವೇರುಗಳದ್ದು. ತೀರ್ಥಹಳ್ಳಿಯವರು ಪಾಪ ಗ್ರಾಹಕರ ದೂರಿನ ಬಗ್ಗೆ ಹೇಳುತ್ತಿದ್ದಾರೆ, ಪರದೆ ತುಂಬಾ ನಮ್ಮ ಮ್ಯಾನೇಜರು ಹಪ್ಪಳ ಮುರಿಯುತ್ತಿದ್ದಾರೆ. ಕೊನೆಗೆ ಅವರೇ, "ನೀವು ಊಟ ಮುಗಿಸಿ ಸರ್, ನಾನು ಆಮೇಲೆ ಹೇಳ್ತೀನಿ" ಅಂದರು. ಆಮೇಲೆ ಅವರ ಸರದಿ ಬರಲೇ ಇಲ್ಲ.

"ಅವರು ಮನೆಯಲ್ಲೇ ಇದ್ದಾರಲ್ಲ ಮಾರಾಯ್ರೆ, ಅಮ್ಮನ ಕೈ ಅಡುಗೆ. ಅವರಿಗೆ ಊಟಕ್ಕೆ ಎಂತ ಕಮ್ಮಿ?" ಈ ವಾದ ನನಗೆ ಕೇಳಿ ಕೇಳಿ ಸಾಕಾಗಿದೆ. ಅಮ್ಮನ ಅಡುಗೆ ನಮ್ಮ ಮೆಸ್ ಊಟಕ್ಕಿಂತ ರುಚಿ ಇರಬಹುದು, ಒಪ್ಪಿದೆ. ಆದರೆ ಅಕ್ಕಿ, ಕಾಯಿ, ಗ್ಯಾಸ್ ಆ ಮನೆಯದ್ದು. ದುಡಿಮೆ ಆ ಅಮ್ಮನದ್ದು. ನಮ್ಮ ಕಡೆ ಹಳ್ಳಿಮನೆಗಳಲ್ಲಿ ಹನ್ನೆರಡೂವರೆ, ಒಂದಕ್ಕೆಲ್ಲ ಊಟಕ್ಕೆ ಕೂರುತ್ತಾರೆ. ಮೀಟಿಂಗ್ ಎರಡರವರೆಗೆ ಎಳೆದರೆ ಅಲ್ಲಿ ಒಬ್ಬರು ಉಣ್ಣದೆ ಕಾಯುತ್ತಾರೆ. ಇಲ್ಲಿ ಕಂಪನಿ ಖರ್ಚಿನಲ್ಲಿ ನಾವು ಪಾಯಸದ ಎರಡನೇ ಲೋಟ ಹಾಕಿಸಿಕೊಳ್ಳುತ್ತಿರುತ್ತೇವೆ. ಪಂಕ್ತಿಭೇದ ತಪ್ಪು ಅಂತ ಮದುವೆಮನೆಯಲ್ಲಿ ಜಗಳ ಆಡುವವರಿಗೆ ಇದು ಯಾಕೆ ಕಾಣುವುದಿಲ್ಲವೋ.

ಸರಿ, ಅವರಿಗೂ ಏನಾದರೂ ಕೊಡೋಣ ಅಂತಾಯಿತು. ಬಂದದ್ದು ಕೂಪನ್. ಸ್ವಿಗ್ಗಿ, ಜೊಮಾಟೊ ಶಿವಮೊಗ್ಗ ಪೇಟೆಯಲ್ಲಿ ನಡೆಯುತ್ತವೆ, ಬೆಂಗಳೂರಿನಲ್ಲಿ ಕೇಳುವುದೇ ಬೇಡ. ಹೊಸನಗರದ ಕಡೆ ಅಡಿಕೆ ತೋಟದ ಮಧ್ಯದ ಒಂಟಿ ಮನೆಗೆ ಯಾರು ತಂದುಕೊಡುತ್ತಾರೆ? ಆಪ್ ತೆರೆದರೆ ಈ ಜಾಗಕ್ಕೆ ಸೇವೆ ಇಲ್ಲ ಅನ್ನುತ್ತದೆ. ಅಂದರೆ ಊರಿನಲ್ಲಿದ್ದವರಿಗೆ ಸಿಕ್ಕಿದ್ದು ಉಣ್ಣಲಿಕ್ಕೆ ಬಾರದ ಊಟ. ಬೆಂಗಳೂರಿನವರು ಅದೇ ದಿನ ಬಿರಿಯಾನಿ ಫೋಟೋ ಗ್ರೂಪಿಗೆ ಹಾಕಿದರು.

ಅದಕ್ಕೇ ದುಡ್ಡು ಹಾಕಿ ಅನ್ನುವುದು. ಯುಪಿಐನಲ್ಲಿ, ಹಿಂದಿನ ದಿನವೇ. ಅವರು ಕೋಳಿ ತರುತ್ತಾರೋ, ತರಕಾರಿ ತರುತ್ತಾರೋ, ಸುಮ್ನೆ ಇಟ್ಟುಕೊಳ್ಳುತ್ತಾರೋ, ಅದು ಅವರಿಷ್ಟ. ಅಕೌಂಟ್ಸ್‌ನವರು ತಕ್ಷಣ "ಜಿಎಸ್‌ಟಿ ಬಿಲ್ ಎಲ್ಲಿ" ಅನ್ನುತ್ತಾರೆ. ಊಟ, ಕೇಟರಿಂಗ್ ಖರ್ಚಿಗೆ ಸಾಮಾನ್ಯವಾಗಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದ್ರೆ ಬಿಲ್ಲಿನಲ್ಲಿ ಕೊಟ್ಟ ಜಿಎಸ್‌ಟಿಯನ್ನು ಕಂಪನಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದೇ ಇಲ್ಲ, ಜಿಎಸ್‌ಟಿ ಕಾಯಿದೆಯ ಸೆಕ್ಷನ್ 17(5) ಅದನ್ನು ತಡೆಯುತ್ತದೆ. ವಾಪಸ್ ಬರದ ತೆರಿಗೆಯ ಬಿಲ್ಲಿಗೆ ಇಷ್ಟು ಹಟ ಯಾಕೆ? ಯಾರಿಗೆ, ಯಾವ ಮೀಟಿಂಗಿಗೆ, ಎಷ್ಟು ಅಂತ ಓಚರ್ ಬರೆದು ಸಹಿ ಹಾಕಿಸಿಡಿ. ನಮ್ಮ ಆಡಿಟರ್ ಇದಕ್ಕೆ ಒಪ್ಪಿದ್ದಾರೆ, ನಿಮ್ಮವರನ್ನೂ ಒಂದು ಮಾತು ಕೇಳಿ.

ಇನ್ನು ಇಲ್ಲಿ ತರಿಸುವ ಊಟ. ಹತ್ತು ಹನ್ನೆರಡು ಎಲೆಗೆ ಮದುವೆ ಅಡುಗೆಯ ಕಂಟ್ರಾಕ್ಟರು ಒಪ್ಪುವುದಿಲ್ಲ, ಅವರಿಗದು ಗಿಟ್ಟುವುದೂ ಇಲ್ಲ. ಮೆಸ್‌ನವರು, ಮನೆಯಲ್ಲೇ ಅಡುಗೆ ಮಾಡಿಕೊಡುವವರು ಸಿಗುತ್ತಾರೆ. ಅವರ ಹತ್ತಿರ ಘೀ ರೈಸ್, ಕುರ್ಮಾ, ಗೋಬಿ ಮಂಚೂರಿ ಹೇಳಬೇಡಿ. ಎರಡೂವರೆಗೆ ಇಡೀ ಕೋಣೆ ತೂಕಡಿಸುತ್ತದೆ. ಅನ್ನ, ಸಾರು, ಒಂದು ಪಲ್ಯ, ಕೋಸಂಬರಿ, ಮಜ್ಜಿಗೆ, ಮಿಡಿ ಉಪ್ಪಿನಕಾಯಿ ಸಾಕು. ಏನಾದರೂ ಸಿಹಿ ಬೇಕೇ ಬೇಕು ಅನ್ನುವವರಿಗೆ ಬಾಳೆಹಣ್ಣು ಇದೆ. ಒಂದು ಪಾತ್ರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಬೇಕು ಅಂತ ಮೊದಲೇ ಹೇಳಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುವವರಿದ್ದರೆ ಆ ದಿನವನ್ನೇ ಬಿಡಿ. ತಟ್ಟೆಗೆ ಅಡಿಕೆ ಹಾಳೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ದೇಶಕ್ಕೇ ನಿಷೇಧ. ಅಡಿಕೆ ಸೀಮೆಯಲ್ಲಿದ್ದುಕೊಂಡು ಪ್ಲಾಸ್ಟಿಕ್ ತಟ್ಟೆ ಹುಡುಕುವವರನ್ನು ನಾನು ಇನ್ನೂ ನೋಡುತ್ತಿದ್ದೇನೆ, ಅದು ಬೇರೆ ಮಾತು.

ಹೊತ್ತಿನ ವಿಷಯ ಮಾತ್ರ ಹಗುರಾಗಿ ತಗೊಳ್ಳಬೇಡಿ. ಬಿಸಿ ಅಡುಗೆಯನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಡಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳುತ್ತದೆ. ಹನ್ನೊಂದೂವರೆಗೆ ಬಂದ ಡಬ್ಬಿ ಎರಡು ಗಂಟೆವರೆಗೆ ಮೂಲೆಯಲ್ಲಿ ಕೂತರೆ ಆ ಬಿಸಿ ಎಲ್ಲಿ ಉಳಿಯುತ್ತದೆ? ಮೊದಲು ಕೆಡುವುದು ಹಸಿ ಕಾಯಿ ಅರೆದು ಹಾಕಿದ್ದು. ಗೊಜ್ಜು, ತಂಬುಳಿ ಸೆಕೆಯಲ್ಲಿ ಬೇಗ ಹಳಸುತ್ತವೆ. ಆಮೇಲೆ ಮೆಸ್‌ನವರಿಗೆ ಬೈಯುತ್ತೇವೆ. ತಡ ಮಾಡಿದ್ದು ಮೀಟಿಂಗ್ ಅಲ್ವಾ?

ದೂರದವರಿಗೆ ತಿನ್ನುವುದನ್ನೇ ಕಳಿಸಬೇಕು ಅಂತ ಆಸೆ ಇದ್ದರೆ ಊಟದ ಬದಲು ಒಣ ತಿಂಡಿ ಕಳಿಸಿ. ಚಕ್ಕುಲಿ, ಕೋಡುಬಳೆ, ಅತಿರಸ. ಮಲೆನಾಡಿನಲ್ಲಿ ಬಸ್ಸಿಗಿಂತ ಒಳ್ಳೆಯ ಕೊರಿಯರ್ ಇಲ್ಲ. ರಟ್ಟಿನ ಡಬ್ಬಿ ಮೇಲೆ ಹೆಸರು, ಫೋನ್ ನಂಬರ್ ದಪ್ಪಕ್ಷರದಲ್ಲಿ ಬರೆಯಿರಿ. ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಕೈಗೆ ಕೊಡಿ, ಬಸ್ಸಿನ ಹೆಸರು, ಹೊರಟ ಹೊತ್ತು ಎರಡನ್ನೂ ವಾಟ್ಸಾಪ್ ಮಾಡಿ. ಆ ಕಡೆ ಯಾರಾದರೂ ಬಸ್ಸಿಗೆ ಕಾದಿದ್ದು ಇಳಿಸಿಕೊಳ್ಳುತ್ತಾರೆ. ಬೆಂಗಳೂರಿನವರಿಗೆ ಸ್ಪೀಡ್ ಪೋಸ್ಟ್ ಸಾಕು. ಈ ಡಬ್ಬಿ ತಲುಪಿದ ದಿನ ಗ್ರೂಪಿನಲ್ಲಿ ಬರುವಷ್ಟು ಮೆಸೇಜು ಇಂಕ್ರಿಮೆಂಟ್ ದಿನವೂ ಬರುವುದಿಲ್ಲ.

ಈ ತಿಂಗಳಿಂದ ನಮ್ಮಲ್ಲಿ ಮೀಟಿಂಗ್ ಹತ್ತಕ್ಕೆ ಶುರು, ಹನ್ನೆರಡೂವರೆಗೆ ಕಾಲ್ ಕಟ್. ಉಳಿದಿದ್ದರೆ ಎರಡಕ್ಕೆ ಮತ್ತೆ. ಮ್ಯಾನೇಜರು ಒಪ್ಪಿದ್ದಾರೆ, ಪೂರ್ತಿ ಮನಸ್ಸಿನಿಂದ ಅಲ್ಲ. ಈಗ ನನಗೆ ಬೇಕಾಗಿರುವುದು ಹನ್ನೆರಡು ಎಲೆಗೂ ಬೇಜಾರಿಲ್ಲದೆ ಒಪ್ಪಿಕೊಂಡು, ಹನ್ನೆರಡೂವರೆಗೆ ಸರಿಯಾಗಿ ಬಿಸಿಬಿಸಿ ತಂದುಕೊಡುವವರು. ವಿನೋಬನಗರ, ದುರ್ಗಿಗುಡಿ ಸುತ್ತಮುತ್ತ ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ಸಾರು ಚೆನ್ನಾಗಿರಬೇಕು, ಅದೊಂದು ಕಂಡೀಷನ್.